ಯೂಜಿನನ ರೈಫಲ್ಲಿಗೆ ಬಾತ್‌ರೂಮಿನ ಚಿಲಕ

"ಎಡ್ನಾ, ಈ ಮಾತು ನೆನಪಿಟ್ಟುಕೋ. ಈ ಸಲ ಊರಿಗೆ ಹೋದಾಗ ನಾನೊಂದು ರೈಫಲ್ ಕಟ್ಟಿಸ್ತೇನೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಅಲ್ಲ. ನನ್ನ ಕೈಗೆ, ನನ್ನ ಭುಜಕ್ಕೆ, ನನ್ನ ಕಣ್ಣಿಗೆ ಅಳತೆ ಕೊಟ್ಟು ಮಾಡಿಸಿದ್ದು. ಬೋಲ್ಟ್ ಆಕ್ಷನ್. ಇಡೀ ಬೆಳ್ತಂಗಡಿ ತಾಲೂಕಿನಲ್ಲಿ ಅಂಥದ್ದು ಇನ್ನೊಂದು ಇರಬಾರದು."

ದೋಹಾದ ವೆಸ್ಟ್ ಬೇಯ ಆಫೀಸಿನಿಂದ ಬಂದ ಯೂಜಿನ್ ಕೊರಳಿನ ಟೈ ಕೂಡ ಸಡಿಲಿಸದೆ, ಅಲ್ ಸದ್ದ್‌ನ ತಮ್ಮ ಪುಟ್ಟ ಫ್ಲ್ಯಾಟಿನ ಹಾಲಿನ ನಟ್ಟನಡುವೆ ನಿಂತು ಈ ಶಪಥ ಮಾಡಿದಾಗ ಅವನ ಹೆಂಡತಿ ಎಡ್ನಾ ಅಕ್ಕಿ ತೊಳೆಯುತ್ತಿದ್ದಳು. ಅವಳೂ ಆಗಷ್ಟೇ ತನ್ನ ಆಫೀಸಿನಿಂದ ಬಂದವಳು. ಪಾತ್ರೆಯ ನೀರು ಬಸಿದು ಇನ್ನೊಮ್ಮೆ ನೀರು ಹಿಡಿದಳು. ಹಿಂದಿನ ವರ್ಷ ಇದೇ ಜಾಗದಲ್ಲಿ ನಿಂತು ಇದೇ ಗಂಡ ಬಾಲ್ಕನಿಯಲ್ಲಿ ಮಲ್ಲಿಗೆ ಕೃಷಿ ಮಾಡುವುದಾಗಿ ಸಾರಿದ್ದ. ಜೂನ್ ತಿಂಗಳ ಬಿಸಿಲಿಗೆ ಮಲ್ಲಿಗೆ ಬಳ್ಳಿ ಒಂದೇ ವಾರದಲ್ಲಿ ಕಟ್ಟಿಗೆಯಾಯಿತು. ಅದಕ್ಕೂ ಮೊದಲು ಹಿಟ್ಟು ನಾದುವ ಯಂತ್ರ ತಯಾರಿಸಲು ಹೊರಟು ಮನೆಯ ಮಿಕ್ಸಿಯನ್ನು ಪರಲೋಕಕ್ಕೆ ಕಳಿಸಿದ್ದ. ಹಾಗಾಗಿ ರೈಫಲ್ ಎಂಬ ಮಾತು ಕೇಳಿ ಎಡ್ನಾಳಿಗೆ ಗಾಬರಿಯಾಗಲಿಲ್ಲ. ಸುಸ್ತಾಯಿತು, ಅಷ್ಟೆ.

"ಲೈಸನ್ಸ್ ಯಾರ ಹೆಸರಲ್ಲಿ ಉಂಟು?" ಎಂದು ಕೇಳಿದಳು.

"ಅಪ್ಪನ ಹೆಸರಲ್ಲಿ."

"ಯಾವುದಕ್ಕೆ?"

"ಒಂಟಿ ನಳಿಗೆಯ ಹಳೇ ಕೋವಿಗೆ. ಬದಲಾಯಿಸ್ಲಿಕ್ಕೆ ಅರ್ಜಿ ಕೊಟ್ರೆ ಆಯ್ತು ಮಾರಾಯ್ತಿ. ಅದೆಲ್ಲ ಪೇಪರ್ ವರ್ಕ್."

ಊರಿನಲ್ಲಿ ಯೂಜಿನನ ಅಪ್ಪನ ಗೆಣಸಿನ ಗದ್ದೆಗೆ ಕಾಡುಹಂದಿಗಳ ಕಾಟ. ಚುನಾವಣೆ ಬಂತೆಂದರೆ ಊರವರೆಲ್ಲ ತಮ್ಮ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಈ ನಿಯಮ ಮತದಾರರಿಗಿಂತ ಹಂದಿಗಳಿಗೆ ಚೆನ್ನಾಗಿ ಗೊತ್ತು ಎಂದು ಅಪ್ಪ ಫೋನಿನಲ್ಲಿ ದೂರುತ್ತಿದ್ದರು. ಆದರೆ ಅಪ್ಪನ ಗೆಣಸು ಒಂದು ನೆಪ. ಹಂದಿಮಾಂಸ ಕಣ್ಣಿಗೂ ಬೀಳದ ಕತಾರಿನಲ್ಲಿ ವರ್ಷಗಟ್ಟಲೆ ಕೋಳಿ ತಿಂದು ತಿಂದು ಯೂಜಿನ್ ಬೇಸತ್ತಿದ್ದ. ಆಫೀಸಿನ ಕಂಪ್ಯೂಟರಿನಲ್ಲಿ, ಅಮೆರಿಕದ ಶಿಕಾರಿ ಹುಚ್ಚಿನವರು ಅಗ್ಗದಲ್ಲಿ ರೈಫಲ್ ಜೋಡಿಸುವ ಬಗ್ಗೆ ಬರೆದದ್ದನ್ನೆಲ್ಲ ಓದಿದ್ದ. ಹಳೇ ರೈಫಲ್ ಒಂದರ ಯಂತ್ರಭಾಗ, ಅದಕ್ಕೆ ಹೊಸ ನಳಿಗೆ, ಭುಜಕ್ಕೆ ಆನಿಸುವ ಮರ ಊರಿನ ಹಲಸಿನದು, ಕೆತ್ತನೆ ಊರಿನ ಬಡಗಿಯದು. ಊಟದ ಡಬ್ಬಿ ತೆರೆದರೆ ಒಳಗೆ ಕೋಳಿಯಿದ್ದರೂ ಅವನ ಮೂಗಿಗೆ ಮಾತ್ರ ಕಾಡುಹಂದಿ ಸಾರಿನ ಪರಿಮಳ ಬಡಿಯುತ್ತಿತ್ತು.

ಇಷ್ಟರಲ್ಲೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಬಡಗಿಗೆ ಅಳತೆ ಬೇಕಲ್ಲ. ಅಳತೆ ಬೇಕಾದರೆ ಮಾದರಿ ಬೇಕು. ಮಾದರಿಗೆ ಸಾಮಾನು ಬೇಕು. ಬಜೆಟ್ ಮೀರಬಾರದು ಎಂಬ ಪವಿತ್ರ ತತ್ವಕ್ಕೆ ಕಟ್ಟುಬಿದ್ದ ಯೂಜಿನ್, ಎಲ್ಲವನ್ನೂ ಮನೆಯೊಳಗಿಂದಲೇ ಸಂಗ್ರಹಿಸಿದ.

ಮೊದಲು ಹೋದದ್ದು ಮಂಚದ ಒಂದು ಹಲಗೆ. ಅಂದಿನಿಂದ ಎಡ್ನಾ ಮಲಗಿದರೆ ಹಾಸಿಗೆ ಅವಳನ್ನು ಹಳ್ಳಕ್ಕೆ ಎಳೆದುಕೊಳ್ಳುತ್ತಿತ್ತು. ಆಮೇಲೆ ಬೆಡ್‌ರೂಮಿನ ಪರದೆಯ ಸರಳು ನಳಿಗೆಯಾಯಿತು. ಪರದೆಯನ್ನು ಗೋಡೆಗೆ ಟೇಪು ಹಚ್ಚಿ ಅಂಟಿಸಲಾಯಿತು. ಶಟಲ್ ಕಾಕಿನ ಉದ್ದ ಡಬ್ಬಿ ದುರ್ಬೀನಾಗಿ ಮೇಲೇರಿತು. ಕೊನೆಗೆ ಉಳಿದದ್ದು ಆ ರೈಫಲ್ಲಿನ ಜೀವಾಳ. ಹಿಂದಕ್ಕೆ ಎಳೆದು ಮುಂದಕ್ಕೆ ದೂಡಿದರೆ ಕಟಕ್ ಎನ್ನಬೇಕಾದ ಆ ಬೋಲ್ಟು. ಇಡೀ ಫ್ಲ್ಯಾಟಿನಲ್ಲಿ ಹಾಗೆ ಕಟಕ್ ಎನ್ನುವ ವಸ್ತು ಒಂದೇ ಇತ್ತು. ಬಾತ್‌ರೂಮಿನ ಬಾಗಿಲಿನ ಚಿಲಕ.

ಮನೆಗೆ ಇದ್ದದ್ದೂ ಒಂದೇ ಬಾತ್‌ರೂಮು.

"ಚಿಲಕ ಇಲ್ಲದಿದ್ದರೆ ಎಂಥ ಮಾಡುದು ಮಾರಾಯ್ರೆ?" ಎಡ್ನಾ ಕೇಳಿದಳು.

"ಒಳಗಿದ್ದವರು ಹಾಡ್ತಾ ಇರಬೇಕು. ಸಿಂಪಲ್. ಹಾಡು ಕೇಳಿದ್ರೆ ಹೊರಗಿನವರಿಗೆ ಗೊತ್ತಾಗ್ತದೆ."

ಹೀಗೆ ಆ ಮನೆಯಲ್ಲಿ ಸಂಗೀತ ಶುರುವಾಯಿತು. ಯೂಜಿನ್ ಬೆಳಗ್ಗೆ ಎದ್ದು ಬಾತ್‌ರೂಮಿನಲ್ಲಿ ಇಗರ್ಜಿಯ ಕೀರ್ತನೆಗಳನ್ನೆಲ್ಲ ವರ್ಷದ ಹಬ್ಬಗಳ ಕ್ರಮದಲ್ಲಿ ಮುಗಿಸುತ್ತಿದ್ದ. ಎಂಟನೇ ಕ್ಲಾಸಿನ ಮಗಳು ನಟಾಶಾ ಮಾತ್ರ ದಂಗೆ ಎದ್ದಳು. "ಮಮ್ಮಿ, ಡ್ಯಾಡಿಗೆ ಹೇಳಿ. ನಾನು ಟಾಯ್ಲೆಟ್‌ನಲ್ಲಿ ಸಿಂಗ್ ಮಾಡುದಿಲ್ಲ. ಅಷ್ಟೇ."

ಎಡ್ನಾ ಹೇಳಿದಳು. ದಿನಾ ಹೇಳಿದಳು. "ಅಳತೆ ಒಂದು ಸರಿಯಾಗ್ಲಿ, ಶುಕ್ರವಾರ ರಜೆಯ ದಿನ ಹಾಕಿ ಕೊಡ್ತೇನೆ" ಎಂಬ ಉತ್ತರವೂ ದಿನಾ ಬಂತು.

ಆ ಶುಕ್ರವಾರದ ಮುನ್ನಾದಿನ ಸಂಜೆ ಕಟ್ಟಡದ ಕಾವಲುಗಾರ ಮೊಯ್ದಿನ್ ಬಾಗಿಲು ತಟ್ಟಿದ. ಬಂಟ್ವಾಳ ಕಡೆಯ ಬ್ಯಾರಿ. ಎಡ್ನಾಳ ಜೊತೆ ಊರಿನ ಕನ್ನಡದಲ್ಲೇ ಮಾತು.

"ಅಕ್ಕಾ, ನಾಳೆ ಸಂಜೆ ಮಾಮಾ ಸೌದಾ ಬರ್ತಾರೆ. ನಿಮ್ಮ ಮನೆಯ ಕಾಂಟ್ರ್ಯಾಕ್ಟ್ ಈ ತಿಂಗಳು ಖಲಾಸ್ ಅಲ್ವಾ? ಮಗನನ್ನು ಕಳಿಸುದಿಲ್ಲಂತೆ, ಸ್ವತಃ ಮನೆ ನೋಡ್ತಾರಂತೆ. ಎರಡನೇ ಮಾಳಿಗೆಯವರ ಗೋಡೆಯಲ್ಲಿ ಮೊಳೆ ಕಂಡು ಬಿಟ್ಟುಹೋಗ್ಲಿಕ್ಕೆ ಹೇಳಿದ್ರು. ಸ್ವಲ್ಪ ಜಾಗ್ರತೆ."

ಮಾಮಾ ಎಂದರೆ ಇಲ್ಲಿ ಯಜಮಾನಿ. ಕಟ್ಟಡದ ಒಡತಿ ಸೌದಾ ಎಪ್ಪತ್ತು ದಾಟಿದ ಕತಾರಿ ಹೆಂಗಸು. ಮೊಯ್ದಿನ್ ಹೋದ ಮೇಲೆ ಎಡ್ನಾ ಬಾಗಿಲಿಗೆ ಒರಗಿದಳು. ಏಷ್ಯನ್ ಗೇಮ್ಸ್ ಮುಗಿದ ಮರುವರ್ಷ ಅದು. ದೋಹಾದ ಬಾಡಿಗೆ ಲಿಫ್ಟಿನ ಹಾಗೆ ಮೇಲಕ್ಕೇ ಹೋಗುತ್ತಿತ್ತು. ಮೊದಲಿದ್ದ ಮುಶೈರಿಬ್‌ನ ಮನೆಯಿಂದ ಕಟ್ಟಡ ಕೆಡವುತ್ತೇವೆಂದು ಎಬ್ಬಿಸಿದ್ದರು. ಅದರ ನಂತರದ ಮನೆಯಿಂದ ಬಾಡಿಗೆ ಇಮ್ಮಡಿ ಮಾಡಿ ಎಬ್ಬಿಸಿದ್ದರು. ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತುವ ಆ ಕರ್ರ್ ಶಬ್ದ ನೆನೆದರೇ ಅವಳಿಗೆ ಅಳು ಬರುತ್ತಿತ್ತು. ಇನ್ನೊಂದು ಸಲ ಮನೆ ಖಾಲಿ ಮಾಡುವ ಶಕ್ತಿ ತನ್ನಲ್ಲಿ ಇಲ್ಲ ಎಂದು ಅವಳಿಗೆ ಖಂಡಿತವಾಗಿ ಗೊತ್ತಿತ್ತು.

"ನಾಳೆ ಪೂಜೆ ಮುಗಿಸಿ ಬಂದ ಕೂಡ್ಲೆ ಚಿಲಕ, ಸರಳು, ಹಲಗೆ, ಎಲ್ಲ ವಾಪಸ್" ಎಂದಳು ಗಂಡನಿಗೆ.

"ಅದು ನನ್ನ ಜವಾಬ್ದಾರಿ" ಎಂದ ಯೂಜಿನ್.

ಶುಕ್ರವಾರ ಬೆಳಗಿನ ಬಲಿಪೂಜೆ ಮುಗಿಸಿ ಬಂದು, ಊಟ ಮಾಡಿ, ಯೂಜಿನ್ ರೈಫಲ್ಲನ್ನು ಕೈಗೆತ್ತಿಕೊಂಡ. ಬಿಚ್ಚುವ ಮೊದಲು ಕೊನೆಯದಾಗಿ ಒಂದು ಅಳತೆ. ಭುಜಕ್ಕೆ ಆನಿಸಿದ. ಅರ್ಧ ಇಂಚು ಹೆಚ್ಚಾಯಿತು ಅನ್ನಿಸಿತು. ಕುಳಿತು ಆನಿಸಿದ. ಕಡಿಮೆ ಅನ್ನಿಸಿತು. ನಟಾಶಾ ಗೆಳತಿ ಫಿಯೋನಾಳ ಮನೆಗೆ ಹೋದಳು. ಅಲ್ಲಿನ ಬಾತ್‌ರೂಮಿಗೆ ಚಿಲಕವಿತ್ತು. ಸೋಫಾದ ಹಿಂದೆ ಬೋರಲು ಮಲಗಿದ ಯೂಜಿನ್ ಟಿವಿಯ ಮೇಲಿನ ಹೂದಾನಿಗೆ ಗುರಿಯಿಟ್ಟು ಕಟಕ್ ಎನ್ನಿಸುತ್ತಿದ್ದಾಗ ಬೆಲ್ಲಾಯಿತು.

ಎಡ್ನಾ ಬಾಗಿಲ ಕಿಂಡಿಯಲ್ಲಿ ಇಣುಕಿದಳು. ಸಂಜೆ ಬರಬೇಕಾದ ಮಾಮಾ ಸೌದಾ ಮೂರು ಗಂಟೆಗೆ ಮುಂಚೆಯೇ ಬಂದು ನಿಂತಿದ್ದಳು. ಕಪ್ಪು ಅಬಾಯ, ಕೈಯಲ್ಲಿ ಊರುಗೋಲು, ಹಿಂದೆ ತಲೆ ತಗ್ಗಿಸಿದ ಮೊಯ್ದಿನ್.

"ಅದನ್ನು ಅಡಗಿಸಿ" ಎಂದು ಎಡ್ನಾ ಪಿಸುಗುಟ್ಟಿದಳು. "ಎಲ್ಲಿಯಾದ್ರೂ. ಬೇಗ."

ಯೂಜಿನ್ ಮಾಯವಾಗಿ, ಖಾಲಿ ಕೈಯಲ್ಲಿ ಮರಳಿ ಬಂದ. ಎಡ್ನಾ ಬಾಗಿಲು ತೆರೆದಳು.

ಮಾಮಾ ಸೌದಾಳ ಅಪ್ಪ ಹಾಯಿ ಹಡಗಿನಲ್ಲಿ ಮುಂಬಯಿಗೆ ಹೋಗಿ ಬರುತ್ತಿದ್ದವನು. ಆ ಕಾಲದ ಹಿಂದಿ ಅವಳ ನಾಲಿಗೆಯಲ್ಲಿ ಇನ್ನೂ ಇತ್ತು. ಚಹಾ ಕುಡಿದಳು, ಬಿಸ್ಕತ್ತು ಮುಟ್ಟಲಿಲ್ಲ. ಗೋಡೆಗಳನ್ನು ನೋಡಿದಳು. ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿದಳು. ಎಡ್ನಾಳ ಎದೆ ಸ್ವಲ್ಪ ಸ್ವಲ್ಪವೇ ಹಗುರವಾಗುತ್ತಿತ್ತು. ಅಷ್ಟರಲ್ಲಿ ಹೊರಗೆ ಮಸೀದಿಯಿಂದ ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೇಳಿಸಿತು.

"ಕೈಕಾಲು ತೊಳೆಯಬೇಕು. ಬಾತ್‌ರೂಮು ಎಲ್ಲಿ?"

ಬೇಡ ಎನ್ನಲು ಸಾಧ್ಯವೇ? ಎಡ್ನಾ ತೋರಿಸಿದಳು. ಮಾಮಾ ಸೌದಾಳಿಗೆ ಹಾಡಲು ಹೇಳುವುದಂತೂ ಆಗದ ಮಾತು. ಅವಳು ಒಳಗೆ ಹೋದ ಕೂಡಲೇ ಎಡ್ನಾ ಹೊರಗಿನಿಂದ ಹಿಡಿಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕಾವಲು ನಿಂತಳು. ಹಾಗೆ ನಿಂತಾಗ ಅವಳಿಗೊಂದು ಸಂದೇಹ ಬಂತು.

"ನೀವು ಅದನ್ನು ಎಲ್ಲಿ ಇಟ್ಟಿದ್ದೀರಿ?" ಎಂದು ಗಂಡನನ್ನು ಮೆಲ್ಲಗೆ ಕೇಳಿದಳು.

ಯೂಜಿನನ ಕಣ್ಣು ಎಡ್ನಾ ಹಿಡಿದಿದ್ದ ಬಾಗಿಲಿನ ಕಡೆಗೆ ಹೊರಳಿತು.

"ವಾಷಿಂಗ್ ಮಶೀನಿನ ಹಿಂದೆ" ಎಂದ. "ಟವೆಲ್ ಹೊದಿಸಿದ್ದೇನೆ."

ಎಡ್ನಾಳಿಗೆ ಬಯ್ಯಲೂ ತ್ರಾಣವಿರಲಿಲ್ಲ. ಒಳಗೆ ಬಾಗಿಲ ಮೇಲೆ ಕೈ ಸವರುವ ಸದ್ದು ಕೇಳಿಸಿತು. ಮೇಲೆ ಹುಡುಕುತ್ತಿದ್ದಾಳೆ. ಕೆಳಗೆ ಹುಡುಕುತ್ತಿದ್ದಾಳೆ. ಹಿಡಿಕೆಯನ್ನು ಒಳಕ್ಕೆ ಎಳೆದಳು, ಎಡ್ನಾ ಬಿಡಲಿಲ್ಲ. ಟವೆಲ್ ಬಿದ್ದ ಸದ್ದು. ಆಮೇಲೆ ಮೌನ. ಆ ಮೌನದಲ್ಲಿ ಒಂದು ಕಟಕ್.

ಎಡ್ನಾ ಹಿಡಿಕೆ ಬಿಟ್ಟಳು, ಬಾಗಿಲು ತೆರೆಯಿತು. ಮಾಮಾ ಸೌದಾ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ರೈಫಲ್ ಹಿಡಿದು ಹೊರಗೆ ಬಂದಳು. ಬಾಗಿಲ ಬಳಿ ನಿಂತಿದ್ದ ಮೊಯ್ದಿನ್ ಅಲ್ಲಾಹನ ಹೆಸರು ಹೇಳಿ ಗೋಡೆಗೆ ಅಂಟಿಕೊಂಡ. ಯೂಜಿನನ ಕಣ್ಣ ಮುಂದೆ ಪೊಲೀಸು, ವಿಮಾನ, ಮತ್ತು ಬೆಳ್ತಂಗಡಿಯ ಬಸ್ ಸ್ಟ್ಯಾಂಡು ಸಾಲಾಗಿ ಹಾದುಹೋದವು.

"ಮಾಮಾ, ನಿಜವಾದ್ದಲ್ಲ... ಮಾಫಿ ಗನ್... ಗನ್ ಅಲ್ಲ... ಮಾಡೆಲ್" ಎಂದು ತೊದಲಿದ.

"ನನಗೆ ಕಣ್ಣಿದೆ" ಎಂದಳು ಮಾಮಾ ಸೌದಾ. "ಇದು ಮಂಚದ ಹಲಗೆ. ಇದು ಪರದೆಯ ಸರಳು. ಇದು ಆಟದ ಡಬ್ಬಿ. ಮತ್ತೆ ಇದು ನನ್ನ ಚಿಲಕ. ಈ ಕಟ್ಟಡದ ಚಿಲಕಗಳನ್ನೆಲ್ಲ ನಾನೇ ಸೂಕ್ ಬಜಾರಿಗೆ ಹೋಗಿ ಒಂದೊಂದಾಗಿ ಆರಿಸಿ ತಂದದ್ದು. ಇದು ಇಲ್ಲಿಗೆ ಹೇಗೆ ಬಂತು?"

ಯೂಜಿನ್ ಎಲ್ಲವನ್ನೂ ಒಪ್ಪಿಸಿದ. ಊರಿನಲ್ಲಿ ಕಟ್ಟಿಸಲಿರುವ ರೈಫಲ್, ಬಡಗಿ, ಅಳತೆ, ಬಜೆಟ್.

"ಯಾವ ಪ್ರಾಣಿಯ ಬೇಟೆಗೆ?"

ಯೂಜಿನ್ ಬಾಯಿ ತೆರೆದ. ಜೀವನದಲ್ಲಿ ಅವನು ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ. ಆ ಪ್ರಾಣಿಯ ಹೆಸರು ಅವನ ನಾಲಿಗೆಯ ತುದಿಗೆ ಬಂದು ನಿಂತಿದ್ದನ್ನು ಎಡ್ನಾ ಕಂಡಳು.

"ಮೊಲ" ಎಂದಳು ಎಡ್ನಾ. "ಮೊಲ, ಮಾಮಾ."

"ಮೊಲಕ್ಕೆ ಇಷ್ಟು ದೊಡ್ಡದಾ? ತಿನ್ನಲಿಕ್ಕೆ ಏನು ಉಳಿಯುತ್ತದೆ?" ಎಂದು ಮಾಮಾ ಸೌದಾ ಯೂಜಿನನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಯಲ್ಲಾ, ಬೇಗ ಬಿಚ್ಚು. ಬಾಗಿಲಿಗೆ ಹಾಕು. ನಮಾಜಿಗೆ ಹೊತ್ತಾಯಿತು."

ಯೂಜಿನ್ ಸ್ಕ್ರೂಡ್ರೈವರ್ ತಂದು ಬಾತ್‌ರೂಮಿನ ಮುಂದೆ ಮಂಡಿಯೂರಿದ. ಅಂದು ಬೆಳಗ್ಗೆ ಪೂಜೆಯಲ್ಲಿ ಕೂಡ ಅವನು ಅಷ್ಟು ಭಕ್ತಿಯಿಂದ ಮಂಡಿಯೂರಿರಲಿಲ್ಲ. ಚಿಲಕ ಬಾಗಿಲಿಗೆ ಮರಳಿತು. ಮಾಮಾ ಸೌದಾ ಒಳಗೆ ಹೋಗಿ, ಹಾಕಿ, ತೆಗೆದು, ಮತ್ತೆ ಹಾಕಿ ಪರೀಕ್ಷಿಸಿದಳು. ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಸರಳು ಕಿಟಕಿಗೇರಿ ಪರದೆಯೂ ನೇತಾಡುತ್ತಿತ್ತು. ಎಡ್ನಾ ಬೆಡ್‌ರೂಮಿನಲ್ಲಿ ನಮಾಜಿಗೆ ಒಗೆದ ಬೆಡ್‌ಶೀಟು ಹಾಸಿ ಕೊಟ್ಟು, ಹೊರಗೆ ಬಂದು ಸೋಫಾದ ಅಂಚಿನಲ್ಲಿ ಕುಳಿತಳು. ಮನಸ್ಸಿನಲ್ಲಿ ಆಗಲೇ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತತೊಡಗಿದ್ದಳು. ಯೂಜಿನ್ ಅವಳ ಪಕ್ಕ ಕುಳಿತು, "ಸಾರಿ ಎಡ್ನಾ" ಎಂದ.

ನಮಾಜು ಮುಗಿಸಿ ಬಂದ ಮಾಮಾ ಸೌದಾ ಎಡ್ನಾಳ ಎದುರು ಕುಳಿತು, ಈಗ ಒಂದು ಬಿಸ್ಕತ್ತು ತೆಗೆದುಕೊಂಡಳು.

"ನನ್ನ ಯಜಮಾನರೂ ಹೀಗೇ ಇದ್ದರು. ಅಲ್ಲಾಹ ಅವರಿಗೆ ಕರುಣೆ ತೋರಲಿ" ಎಂದಳು. "ಬೇಟೆಯ ಗಿಡುಗ ಒಂದು ಸಾಕಿದ್ದರು. ಅದಕ್ಕೆ ಸೆಕೆ ಅಂತ ನಮ್ಮ ಮಲಗುವ ಕೋಣೆಯ ಎಸಿ ಬಿಚ್ಚಿ ಹಕ್ಕಿಯ ಕೋಣೆಗೆ ಹಾಕಿದರು. ಆಗಸ್ಟ್ ತಿಂಗಳಲ್ಲಿ. ಹಕ್ಕಿ ಚಳಿಗೆ ನಡುಗಿತು. ನಾನು ಸೆಕೆಗೆ ಬೆಂದೆ."

ಎಡ್ನಾಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ಒದ್ದೆಯಾಯಿತು.

"ಉಳಿದ ಬಾಡಿಗೆಯವರು ಅದು ಕೊಡು, ಇದು ಕೊಡು ಅಂತಾರೆ. ನೀನು ಚಿಲಕವಿಲ್ಲದ ಬಾಗಿಲನ್ನು ನಿನ್ನ ಕೈಯಿಂದಲೇ ಹಿಡಿದು ನಿಂತೆ. ನಾನು ಒಳಗಿನಿಂದ ಎಳೆದು ನೋಡಿದೆ, ಬಿಡಲಿಲ್ಲ. ಅದೇ ಬಾಡಿಗೆ, ಎರಡು ವರ್ಷ ಇರು."

"ಥ್ಯಾಂಕ್ಯೂ ಮಾಮಾ" ಎಂದು ಯೂಜಿನ್ ಮುಂದೆ ಬಂದ. ಮಾಮಾ ಸೌದಾ ಊರುಗೋಲನ್ನು ಅಡ್ಡ ಹಿಡಿದು ಅವನನ್ನು ಅಲ್ಲೇ ತಡೆದಳು.

"ನಿನಗಲ್ಲ. ಇವಳಿಗೆ ಕೆಲಸ ಇದೆಯಲ್ಲ? ಕಾಂಟ್ರ್ಯಾಕ್ಟು ಇವಳ ಹೆಸರಿನಲ್ಲಿ. ಇವತ್ತು ಬಾತ್‌ರೂಮಿನ ಚಿಲಕ ಬಿಚ್ಚಿ ಕೋವಿ ಮಾಡಿದವನು ನಾಳೆ ಮುಂಬಾಗಿಲು ಬಿಚ್ಚಿ ಫಿರಂಗಿ ಮಾಡುತ್ತಾನೆ. ಖಲಾಸ್."

ಅವಳು ಹೋದ ಮೇಲೆ ಎಡ್ನಾ ಸೋಫಾದಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದಳು. ಎರಡು ವರ್ಷ ಯಾವ ಪೆಟ್ಟಿಗೆಗೂ ಟೇಪು ಸುತ್ತುವಂತಿಲ್ಲ. ಎಷ್ಟೋ ತಿಂಗಳಿಂದ ಮೈಯಲ್ಲಿ ಕೂತಿದ್ದ ಆಯಾಸ ಆ ಗಳಿಗೆಯಲ್ಲಿ ಇಳಿದುಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದಕ್ಕೆ ಕೂರಲೊಂದು ಜಾಗ ಸಿಕ್ಕಿತು. ರೈಫಲ್ಲಿನಲ್ಲಿ ಉಳಿದದ್ದು ಒಂದು ಹಲಗೆ ಮತ್ತು ಒಂದು ಡಬ್ಬಿ. ಹಲಗೆಯನ್ನು ಅವಳೇ ಎದ್ದು ಮಂಚಕ್ಕೆ ಸೇರಿಸಿದಳು.

ಆಮೇಲೆ ಸ್ನಾನ ಮಾಡಿ ಸ್ವಲ್ಪ ಮಲಗೋಣವೆಂದು ಟವೆಲ್ ಹಿಡಿದು ಹೋದರೆ ಬಾತ್‌ರೂಮು ಒಳಗಿನಿಂದ ಭದ್ರವಾಗಿ ಮುಚ್ಚಿತ್ತು. ಹಾಡಿಲ್ಲ, ನೀರಿನ ಸದ್ದೂ ಇಲ್ಲ. ಎಡ್ನಾ ಬಾಗಿಲಿಗೆ ಕಿವಿಯಿಟ್ಟಳು.

ಕಟಕ್. ಬಾಯಲ್ಲಿ ಮೆಲ್ಲಗೆ "ಢಂ" ಎಂದ ಸದ್ದು. ಮತ್ತೆ ಕಟಕ್.

ಎಡ್ನಾ ಬಾಗಿಲು ತಟ್ಟಿದಳು.

"ಹಂದಿ ಬಿದ್ದಿದ್ರೆ ಹೊರಗೆ ಬನ್ನಿ ಮಾರಾಯ್ರೆ. ಈ ಮನೆ ಬಾಡಿಗೆಗೆ ಹಿಡಿದವಳಿಗೆ ಸ್ನಾನಕ್ಕೆ ಹೋಗ್ಲಿಕ್ಕುಂಟು."