ಕ್ಯಾಂಪ್‌ಬೆಲ್ ಸಾಹೇಬರ ವಂಶವೃತ್ತಾಂತ

ಎಲ್ಲಕ್ಕೂ ಮೂಲ ಕುಕ್ಕರಿನ ಮೂರನೇ ಕೂಗು. ಅದು ಇನ್ನೊಂದು ನಿಮಿಷ ತಡೆದು ಕೂಗಿದ್ದರೆ ಮಹಾಬಲೇಶ್ವರನ ಬಾಳು ಹೇಗಿತ್ತೋ ಹಾಗೇ ಇರುತ್ತಿತ್ತು. ಅದೇನು ಅಂಥ ದೊಡ್ಡ ಬಾಳಲ್ಲ ನಿಜ, ಆದರೆ ಮಾನ ಅಂತ ಒಂದಿರುತ್ತಿತ್ತು.

2021ರ ಮಾರ್ಚ್ ತಿಂಗಳ ಒಂದು ಶುಕ್ರವಾರ. ಡಚ್ಚರ ದೇಶದ ಹೂಫ್‌ಡಾರ್ಪ್ ಎಂಬ ಊರಿನ ಬಾಡಿಗೆ ಮನೆಯಲ್ಲಿ ಊಟದ ಮೇಜೇ ಒಂದು ವರ್ಷದಿಂದ ಮಹಾಬಲೇಶ್ವರನ ಆಫೀಸು. ನಿಜವಾದ ಆಫೀಸು ಸೈಕಲ್ಲಿನಲ್ಲಿ ಹತ್ತು ನಿಮಿಷದ ದೂರದಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಬೆಳಗಿನ ಆನ್‌ಲೈನ್ ಮೀಟಿಂಗಿನಲ್ಲಿ ಫೆಮ್ಕೆ ಎಂಬ ಡಚ್ ಹುಡುಗಿ ಒಂದು ಪ್ರಕಟಣೆ ಮಾಡಿದಳು. ಆಫೀಸಿನ ಸಂತೋಷಕೂಟಗಳೆಲ್ಲ ಅವಳ ಜವಾಬ್ದಾರಿ.

"ನಮ್ಮ ಹೊಸ ಮುಖ್ಯಸ್ಥರು ಇವತ್ತು ನಾಲ್ಕು ಗಂಟೆಗೆ ಮೊದಲ ಸಲ ನಮ್ಮ ಮುಂದೆ ಬರ್ತಾರೆ. ಹೆಸರು ಜೆ. ಕ್ಯಾಂಪ್‌ಬೆಲ್, ಸ್ಕಾಟ್ಲೆಂಡಿನಿಂದ ಬಂದವರು. ಸ್ವಾಗತಕ್ಕೆ ಅವರ ಸರ್‌ನೇಮ್ ಬಗ್ಗೆ ಹತ್ತು ನಿಮಿಷ ಯಾರಾದರೂ ಮಾತಾಡಬೇಕು. ಅದು ಎಲ್ಲಿ ಹುಟ್ಟಿತು, ಅರ್ಥ ಏನು, ಈಗ ಆ ಹೆಸರಿನವರು ಎಲ್ಲೆಲ್ಲಿದ್ದಾರೆ, ಅಷ್ಟೇ. ಯಾರು ಮಾತಾಡ್ತೀರಿ?"

ಮೂವತ್ತು ಜನ ಮೂವತ್ತು ಕಿಟಕಿಗಳಲ್ಲಿ ಉಸಿರು ಬಿಗಿಹಿಡಿದು ಕೂತರು. ಆ ಮೌನದಲ್ಲಿ ಹೆಂಡತಿ ಉಷಾಳ ಕುಕ್ಕರು ಮೂರನೇ ಸಲ ಕೂಗಿತು. ಸದ್ದು ಎಲ್ಲಿಂದ ಬಂತೋ ಆ ಕಿಟಕಿಯ ಸುತ್ತ ಹಳದಿ ಚೌಕಟ್ಟು ಮಿನುಗಿ, ಮಹಾಬಲೇಶ್ವರನ ಮುಖ ಎಲ್ಲರ ಎದುರು ದೊಡ್ಡದಾಗಿ ನಿಂತಿತು.

"ಓ, ಮಹಾ! ನೀನಾ? ಥ್ಯಾಂಕ್ಯೂ! ಮೂರು ಗಂಟೆಯೊಳಗೆ ಸ್ಲೈಡುಗಳನ್ನ ಕಳಿಸು, ಹೊಸ ಮುಖ್ಯಸ್ಥರಿಗೂ ಒಂದು ಪ್ರತಿ ಕಳಿಸ್ತೇನೆ."

ಮಹಾಬಲೇಶ್ವರ ಗಾಬರಿಯಲ್ಲಿ ಮೊದಲು ಮ್ಯೂಟ್ ಒತ್ತಿದ, ಆಮೇಲೆ "ನೋ ನೋ, ಅದು ತೊಗರಿಬೇಳೆ" ಎಂದು ಕೂಗಿದ. ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಮೂವತ್ತು ಜನರೂ ಚಪ್ಪಾಳೆಯ ಚಿತ್ರ ಕಳಿಸಿ ಪರಾರಿಯಾಗಿದ್ದರು.

ಬೇರೆ ದಿನವಾಗಿದ್ದರೆ ಅವನು ಹೊಟ್ಟೆನೋವು ಎಂದು ತಪ್ಪಿಸಿಕೊಳ್ಳುತ್ತಿದ್ದ. ಆದರೆ ಅವನ ತಾತ್ಕಾಲಿಕ ಕಾಂಟ್ರಾಕ್ಟು ಏಪ್ರಿಲ್ ಮೂವತ್ತಕ್ಕೆ ಮುಗಿಯುವುದಿತ್ತು. ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂಬುದು ಈ ಜೆ. ಕ್ಯಾಂಪ್‌ಬೆಲ್ ಕೈಯಲ್ಲಿತ್ತು. ಕೆಲಸ ಹೋದರೆ ವೀಸಾದ ಪ್ರಕಾರ ಮೂರು ತಿಂಗಳಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಿ ಮೈಸೂರಿಗೆ ವಿಮಾನ ಹತ್ತಬೇಕು. ಆ ಮಾರ್ಚಿನಲ್ಲಿ ಯಾರೂ ಯಾರಿಗೂ ಕೆಲಸ ಕೊಡುವ ಉತ್ಸಾಹದಲ್ಲಿರಲಿಲ್ಲ.

ಇನ್ನೊಂದು ತಮಾಷೆಯೆಂದರೆ, ಸರ್‌ನೇಮಿನ ಬಗ್ಗೆ ಮಾತನಾಡಲು ಇಡೀ ಆಫೀಸಿನಲ್ಲಿ ಅವನಷ್ಟು ಅಯೋಗ್ಯ ಇನ್ನೊಬ್ಬನಿರಲಿಲ್ಲ. ಅವನ ವಂಶದಲ್ಲಿ ಯಾರಿಗೂ ಸರ್‌ನೇಮೇ ಇರಲಿಲ್ಲ. ಪಾಸ್‌ಪೋರ್ಟಿನವರು ಒಂದು ಬೇಕೇ ಬೇಕು ಎಂದಾಗ ಅಪ್ಪ ಬಸವಲಿಂಗಪ್ಪನವರ ಹೆಸರನ್ನೇ ಅಲ್ಲಿ ತುಂಬಿದ್ದ. ಉಷಾ ತನ್ನ ಅಪ್ಪ ಮರಿಯಪ್ಪನವರ ಹೆಸರು ತುಂಬಿದ್ದಳು. ಮಗಳು ಹಿತಾಳ ಹೆಸರಿನ ಮುಂದೆ ಮಹಾಬಲೇಶ್ವರ ಎಂದಿತ್ತು. ಹೀಗಾಗಿ ಬಾಗಿಲ ಫಲಕದಲ್ಲಿ ಬಸವಲಿಂಗಪ್ಪ, ಮರಿಯಪ್ಪ, ಮಹಾಬಲೇಶ್ವರ ಎಂದು ಮೂರು ಸರ್‌ನೇಮುಗಳು ಸಾಲಾಗಿ ನಿಂತಿದ್ದವು. ಲಾಕ್‌ಡೌನಿನ ಮೊದಲ ವಾರ ಎದುರುಮನೆಯ ಡಚ್ ಅಜ್ಜಿ, ಒಂದೇ ಮನೆಯಲ್ಲಿ ಮೂರು ಸಂಸಾರ ಇದೆಯೆಂದು ಪುರಸಭೆಗೆ ದೂರು ಕೊಟ್ಟಿದ್ದರು. ವಿಚಾರಿಸಲು ಬಂದ ಅಧಿಕಾರಿಗೆ, ಸರ್‌ನೇಮ್ ಎಂದರೆ ಅಪ್ಪನ ಹೆಸರು ಎಂದು ಮಹಾಬಲೇಶ್ವರ ಅರ್ಧ ಗಂಟೆ ಪಾಠ ಮಾಡಿ ಕಳಿಸಿದ್ದ. ಅವನ ಮಟ್ಟಿಗೆ ಅದು ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟು ಖಚಿತವಾದ ಸಂಗತಿ.

ಮಧ್ಯಾಹ್ನದ ಹೊತ್ತಿಗೆ ಅವನು ಹುಡುಕಿ ಹುಡುಕಿ ಎಂಟು ಸ್ಲೈಡು ಮಾಡಿದ. ಟೆಸ್ಟಿಂಗ್ ವಿಭಾಗದವನಲ್ಲವೇ, ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಹುಡುಕಿ ಕೆದಕುವ ಚಟ ಹತ್ತಿತ್ತು. ಪ್ರತಿ ಸ್ಲೈಡಿನ ಕೆಳಗೆ ತನಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡ. ಆಫೀಸಿನಲ್ಲಿ ಯಾರ ಭಯವೂ ಇಲ್ಲದೆ ಮನಸ್ಸು ಬಿಚ್ಚುವ ಜಾಗ ಅದೊಂದೇ ಆಗಿತ್ತು.

"ಉಷಾ, ಕೆಟ್ವಿ ಕಣೆ," ಎಂದು ಕೂಗಿದ. "ಗೇಲಿಕ್ ಭಾಷೇಲಿ ಕ್ಯಾಮ್ ಅಂದ್ರೆ ಸೊಟ್ಟ, ಬಿಯಲ್ ಅಂದ್ರೆ ಬಾಯಿ. ಕ್ಯಾಂಪ್‌ಬೆಲ್ ಅಂದ್ರೆ ಸೊಟ್ಟಬಾಯಿ!"

ಉಷಾ ಸಾರಿನ ಸೌಟು ಹಿಡಿದೇ ಬಂದು ನಕ್ಕಳು. "ಹಾಗೇ ಹೇಳ್ರೀ. ತಮಾಷೆಯಾಗಿರ್ಲಿ ಅಂತ ತಾನೆ ಕೇಳಿರೋದು? ಇರೋದನ್ನ ಹೇಳೋಕೆ ಏನು ದಾಡಿ?"

"ಖಾಯಂ ಮಾಡೋ ಸಾಹೇಬರ ಬಾಯಿ ಸೊಟ್ಟ ಅಂತ ಹೇಳ್ಲಾ? ತಲೆ ನೆಟ್ಟಗಿದ್ಯಾ?"

ಸಲಹೆ ಕೇಳಲು ಪಕ್ಕದ ಮನೆಯ ಹೃಷಿಕೇಶನನ್ನು ಕರೆದ. ಉಡುಪಿಯವನು, ಜೈಡಾಸ್ ಎಂಬ ವ್ಯಾಪಾರಿ ಬಡಾವಣೆಯ ಒಂದು ಬ್ಯಾಂಕಿನಲ್ಲಿ ಕೆಲಸ, ಈಗ ಅವನೂ ಮನೆಯಲ್ಲೇ. ದಿನಕ್ಕೆ ಒಬ್ಬರೇ ಅತಿಥಿ ಎಂಬ ಸರ್ಕಾರದ ನಿಯಮವಿದ್ದುದರಿಂದ ಅವನು ಒಳಗೆ ಬಂದು ಕೂತ. ಅವನ ಹೆಂಡತಿ ನಿಶ್ಮಿತಾ ಮಾಸ್ಕು ಹಾಕಿಕೊಂಡು ಹೊರಗೆ ಕಿಟಕಿಯ ಬಳಿ ಚಳಿಗಾಳಿಯಲ್ಲಿ ನಿಂತಳು. ಸಲಹೆ ಕೊಡುವ ಅವಕಾಶವನ್ನು ಆಕೆ ಯಾವ ವೈರಸ್ಸಿಗೂ ಬಿಟ್ಟುಕೊಡುವವಳಲ್ಲ.

"ಜೆ ಅಂದ್ರೆ ಜಾನ್. ಇಲ್ಲದಿದ್ರೆ ಜೇಮ್ಸ್. ಸ್ಕಾಟ್ಲೆಂಡಲ್ಲಿ ಮೂರನೇ ಹೆಸರಿಲ್ಲ ಮಾರಾಯ," ಎಂದ ಹೃಷಿಕೇಶ. ಇಬ್ಬರೂ ಅಂತರ್ಜಾಲದಲ್ಲಿ ಜೆ. ಕ್ಯಾಂಪ್‌ಬೆಲ್ ಚಿತ್ರ ಹುಡುಕಿದರು. ಒಂದು ಸರೋವರ, ಒಂದು ಬೆಟ್ಟ, ನಡುವೆ ರೇನ್‌ಕೋಟಿನ ಟೋಪಿ, ಮಾಸ್ಕು, ಕಪ್ಪು ಕನ್ನಡಕ ತೊಟ್ಟ ಒಂದು ಚುಕ್ಕಿ ಕಂಡಿತು.

"ಗಂಭೀರ ಮನುಷ್ಯ," ಎಂದು ಹೃಷಿಕೇಶ ತೀರ್ಪು ಕೊಟ್ಟ. "ಸೊಟ್ಟಬಾಯಿ ತೆಗಿ. ಬೇರೆ ಅರ್ಥ ಇಲ್ವಾ?"

"ಇದೆ. ಫ್ರಾನ್ಸಿನ ಕಡೆಯಿಂದ ಬಂದದ್ದು, 'ಸುಂದರ ಬಯಲು' ಅಂತ ಅರ್ಥ ಅಂತಾರೆ. ಆದ್ರೆ ಅದು ಆಮೇಲೆ ಯಾರೋ ಹೊಗಳೋಕೆ ಕಟ್ಟಿದ ಕತೆಯಂತೆ, ವಿದ್ವಾಂಸರು ಒಪ್ಪಲ್ಲ."

"ವಿದ್ವಾಂಸರು ನಿನ್ನನ್ನು ಖಾಯಂ ಮಾಡ್ತಾರಾ? ಬಯಲೇ ಇರಲಿ!"

ಕಿಟಕಿಯಿಂದ ನಿಶ್ಮಿತಾ ಕತ್ತು ಚಾಚಿ ಮುಂದಿನ ಸ್ಲೈಡು ಓದಿದಳು. 1692ರಲ್ಲಿ ಗ್ಲೆಂಕೋ ಕಣಿವೆಯಲ್ಲಿ ಒಬ್ಬ ಕ್ಯಾಂಪ್‌ಬೆಲ್ ಕ್ಯಾಪ್ಟನ್ನು ತನ್ನ ಸೈನಿಕರೊಂದಿಗೆ ಎರಡು ವಾರ ಮಂದಿಯ ಮನೆಯಲ್ಲಿ ಉಂಡು ಮಲಗಿ, ಆಮೇಲೆ ಆ ಮನೆಯವರನ್ನೇ ಕೊಂದ ಕತೆ ಅದು. "ಅಯ್ಯಯ್ಯೋ ಮಹಾಬಲಣ್ಣ, ಇದನ್ನು ಹೇಳೂದುಂಟಾ? ಎಂತ ಅವಸ್ಥೆ! ಮತ್ತೆ ಈ ಜಮೈಕಾ ಎಂತದ್ದು?"

"ಅಮೆರಿಕದಲ್ಲಿ ಕ್ಯಾಂಪ್‌ಬೆಲ್‌ಗಳ ಸಂಖ್ಯೆ ಹೆಚ್ಚು. ಆದರೆ ಜನಸಂಖ್ಯೆಗೆ ಹೋಲಿಸಿದ್ರೆ ಸ್ಕಾಟ್ಲೆಂಡಿಗಿಂತ ಜಮೈಕಾದಲ್ಲೇ ಜಾಸ್ತಿ. ಅಲ್ಲಿ ಕಬ್ಬಿನ ತೋಟ ಮಾಡಿದ ಧಣಿಗಳ ಹೆಸರು ಗುಲಾಮರಿಗೂ ಅಂಟಿಕೊಳ್ತು."

"ಬೇಡ ಬೇಡ. ಒಳ್ಳೆ ದಿನ ಗುಲಾಮರ ಸುದ್ದಿ ಯಾಕೆ? ಅವರ ಅಪ್ಪ ಅಜ್ಜನ ಪರಾಕ್ರಮ ಹೇಳಿ, ಸಾಕು. ಯಾರಿಗಾದ್ರೂ ತನ್ನ ಸರ್‌ನೇಮ್ ಹೊಗಳಿದ್ರೆ ಖುಷಿ ಆಗದೆ ಇರ್ತದಾ?"

"ಅಂದ್ರೆ ಸುಳ್ಳು ಹೇಳೋದಾ?" ಎಂದಳು ಉಷಾ. ಮೂವರೂ ಅವಳನ್ನು ಕರುಣೆಯಿಂದ ನೋಡಿದರು.

ಮಹಾಬಲೇಶ್ವರನಿಗೆ ಒಂದೇ ಸಂಕಟ. ಇಷ್ಟು ಕಷ್ಟಪಟ್ಟು ಹುಡುಕಿದ ಮೂರು ಸ್ಲೈಡುಗಳನ್ನು ಅಳಿಸಲು ಕೈ ಬರಲಿಲ್ಲ. ಅಳಿಸುವ ಬದಲು ಪರದೆಯ ಮೇಲೆ ಕಾಣದಂತೆ ಮರೆಮಾಡಿ, ಫೈಲನ್ನು ಫೆಮ್ಕೆಗೆ ಕಳಿಸಿ, ಅಂಗಿ ಬದಲಿಸಿಕೊಂಡ. ಕೆಳಗೆ ಪೈಜಾಮಾವೇ ಇತ್ತು.

ನಾಲ್ಕು ಗಂಟೆಗೆ ಎಲ್ಲರೂ ಬಂದರು. ಹೊಸ ಮುಖ್ಯಸ್ಥರ ಕಿಟಕಿಯಲ್ಲಿ ಮಾತ್ರ ಮುಖವಿಲ್ಲ, ಬರೀ ಜೆ.ಸಿ. ಎಂಬ ಎರಡು ಅಕ್ಷರ. 'ಕ್ಯಾಮೆರಾ ಕೈಕೊಟ್ಟಿದೆ, ಸರಿಮಾಡುತ್ತಿದ್ದೇನೆ, ನೀವು ಶುರುಮಾಡಿ' ಎಂಬ ಸಂದೇಶ ಬಂತು. ಮುಖ ಕಾಣದಿರುವುದೇ ಮಹಾಬಲೇಶ್ವರನಿಗೆ ವರವಾಯಿತು. ಯಾವಾಗಲೂ ತೊದಲುವ ಅವನ ಇಂಗ್ಲಿಷು ಅಂದು ನೀರಿನಂತೆ ಹರಿಯಿತು. ಸುಂದರ ಬಯಲಿನಲ್ಲಿ ಕುದುರೆಗಳು ಓಡಿದವು, ಕೋಟೆಗಳು ಎದ್ದವು. ಈ ಹೆಸರು ಬರೀ ಹೆಸರಲ್ಲ, ತಂದೆಯಿಂದ ಮಗನಿಗೆ ಬಂದ ರಕ್ತ ಎಂದ. ಇದನ್ನು ಹೊತ್ತವರು ಧನ್ಯರು, ಸಾಯುವವರೆಗೂ ಯಾರೂ ಇದನ್ನು ಬಿಡಲು ಒಪ್ಪಲಾರರು ಎಂದ. ಕೊನೆಗೆ ಅವನ ಕಣ್ಣೇ ಒದ್ದೆಯಾಯಿತು. ಚಪ್ಪಾಳೆಯ ಚಿತ್ರಗಳು ಜಡಿಮಳೆಯಂತೆ ಬಿದ್ದವು.

ಆಗ ಕ್ಯಾಮೆರಾ ಸರಿಹೋಯಿತು.

ಎರಡು ಅಕ್ಷರಗಳ ಜಾಗದಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದರು. ಗಿಡ್ಡ ಕೂದಲು, ದಪ್ಪ ಕನ್ನಡಕ, ಹಣೆಯಲ್ಲಿ ಪುಟ್ಟ ಬಿಂದಿ. ಹಿಂದಿನ ಗೋಡೆಯಲ್ಲಿ ಮಂಗಳೂರಿನ ಯಾವುದೋ ಬೇಕರಿಯ ಕನ್ನಡ ಕ್ಯಾಲೆಂಡರು.

"ಥ್ಯಾಂಕ್ಯೂ," ಎಂದು ಅವರು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದರು. "ಈ ಹೆಸರನ್ನು ನಾನು ಹದಿನಾಲ್ಕು ವರ್ಷ ಹೊತ್ತೆ. ಅದು ನನ್ನ ಗಂಡನದು. ಹೋದ ತಿಂಗಳು ವಿಚ್ಛೇದನ ಆಯಿತು. ಏಪ್ರಿಲ್ ಒಂದರಿಂದ ನಾನು ನನ್ನ ಸ್ವಂತ ಹೆಸರಿಗೆ ಮರಳುತ್ತೇನೆ. ಮಹಾ, ನೀವು ಎರಡು ನಿಮಿಷ ಉಳಿಯಿರಿ."

ಉಳಿದ ಕಿಟಕಿಗಳೆಲ್ಲ ಟಪಟಪ ಮುಚ್ಚಿಕೊಂಡವು. ಸರ್‌ನೇಮ್ ಎಂಬುದು ಗಂಡನ ಕಡೆಯಿಂದಲೂ ಬರಬಹುದೆಂಬುದು ಮಹಾಬಲೇಶ್ವರನಿಗೆ ಬದುಕಿನಲ್ಲಿ ಮೊದಲ ಬಾರಿಗೆ ಹೊಳೆದದ್ದು ಆಗ. ಅವನಿಗೆ ನೆಲ ಬಿರಿದು ತನ್ನನ್ನು ಪೈಜಾಮಾ ಸಮೇತ ನುಂಗಬಾರದೇ ಎನಿಸಿತು.

"ಎಂತ ಮಾರಾಯ್ರೇ," ಎಂದರು ಅವರು, ಅಚ್ಚ ಮಂಗಳೂರು ಕನ್ನಡದಲ್ಲಿ. "ನಾನು ಜಯಶೀಲಾ. ನಿಮ್ಮ ಫೈಲ್ ಮೂರು ಗಂಟೆಗೇ ಓದಿದೆ. ಮರೆಮಾಡಿದ್ದನ್ನೂ, ಕೆಳಗಿನ ಕನ್ನಡ ಟಿಪ್ಪಣಿಗಳನ್ನೂ ಓದಿದೆ. 'ಸೊಟ್ಟಬಾಯಿ: ಇದೇ ಸತ್ಯ. ಖಾಯಂ ಆದ ಮೇಲೆ ನೋಡೋಣ.' ಹೌದಾ? 'ಸುಂದರ ಬಯಲು: ಶುದ್ಧ ಸುಳ್ಳು. ಸಾಹೇಬರು ಕರಗಿ ನೀರಾಗುತ್ತಾರೆ.' ಹೌದಾ?"

"ಮೇಡಂ..."

"ಸೊಟ್ಟಬಾಯಿ ಅಂತ ನೀವು ಎಲ್ಲರೆದುರು ಹೇಳಿದ್ದಿದ್ರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೀತಿದ್ದೆ. ಮಂದಿಯ ಮನೆಯಲ್ಲಿ ಉಂಡು ಮೋಸ ಮಾಡಿದ ಕತೆ ಕೇಳಿ ಹೊಟ್ಟೆ ತಣ್ಣಗಾಗ್ತಿತ್ತು. ಜಮೈಕಾದ ಪುಟವನ್ನಂತೂ ನಾಲ್ಕು ಜನ ಕೇಳ್ಬೇಕಿತ್ತು, ಅಷ್ಟು ಚೆಂದ ಬರೆದಿದ್ದೀರಿ. ನೀವು ಟೆಸ್ಟಿಂಗ್‌ನವರಲ್ವಾ? ತಪ್ಪು ಕಂಡೂ ಮೇಲಿನವರಿಗೆ ಬೇಜಾರಾಗ್ತದೆ ಅಂತ ಮುಚ್ಚಿಡುವವರನ್ನು ನಾನು ಹೇಗೆ ಖಾಯಂ ಮಾಡೂದು, ನೀವೇ ಹೇಳಿ."

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಮಹಾಬಲೇಶ್ವರನಿಗೆ ಹೆಚ್ಚು ಉರಿಯಿತು.

"ಆದ್ರೂ ಒಂದೇ ಸಲ ಹೊರಗೆ ಹಾಕೂದಿಲ್ಲ. ಇನ್ನೂ ಆರು ತಿಂಗಳು ತಾತ್ಕಾಲಿಕ. ನಮ್ಮ ಎಲ್ಲ ಸಿಸ್ಟಮ್‌ಗಳಲ್ಲಿ, ಎಲ್ಲ ಕಾಗದಪತ್ರಗಳಲ್ಲಿ ಕ್ಯಾಂಪ್‌ಬೆಲ್ ತೆಗೆದು ಕರ್ಕೇರ ಅಂತ ಹಾಕೂದು ನಿಮ್ಮ ಕೆಲಸ. ಒಂದೂ ಉಳೀಬಾರ್ದು. ಮತ್ತೆ ಕರ್ಕೇರ ನನ್ನ ಅಪ್ಪನದ್ದು ಅಂತ ತಿಳ್ಕೊಳ್ಬೇಡಿ. ನಮ್ಮಲ್ಲಿ ಬಳಿ, ಅಂದ್ರೆ ಕುಲದ ಹೆಸರು, ಅಮ್ಮನಿಂದ ಬರೂದು."

ಕರೆ ಮುಗಿಯಿತು. ಮಹಾಬಲೇಶ್ವರ ಕಿಟಕಿ ತೆರೆದ. ಹೊರಗೆ ಹೃಷಿಕೇಶ, ನಿಶ್ಮಿತಾ ಇಬ್ಬರೂ ಒಂದೂವರೆ ಮೀಟರ್ ದೂರದಲ್ಲಿ, ಫಲಿತಾಂಶ ಕಾಯುವ ವಿದ್ಯಾರ್ಥಿಗಳಂತೆ ನಿಂತಿದ್ದರು.

"ಆಯ್ತಾ ಮಹಾಬಲಣ್ಣ? ಖಾಯಂ ಆಯ್ತಾ? ನಾನು ಹೇಳಿರ್ಲಿಲ್ವಾ?"

ಅವನು ನಡೆದದ್ದನ್ನೆಲ್ಲ ಹೇಳಿದ. ಸಾಹೇಬರು ಸಾಹೇಬರಲ್ಲ, ಮೇಡಂ. ಹೆಸರು ಜಯಶೀಲಾ, ಮಂಗಳೂರಿನವರು, ಏಪ್ರಿಲಿನಿಂದ ಕರ್ಕೇರ.

ನಿಶ್ಮಿತಾ ಮಾಸ್ಕಿನ ಮೇಲೆ ಕೈಯಿಟ್ಟುಕೊಂಡಳು. "ದಪ್ಪ ಕನ್ನಡಕವಾ? ಮಾತಾಡುವಾಗ 'ಹೌದಾ, ಹೌದಾ' ಹೇಳ್ತಾರಾ? ದೇವರೇ! ಅದು ನಮ್ಮ ಜಯಕ್ಕ! ನನ್ನ ದೊಡ್ಡಮ್ಮನ ಮಗಳು! ಆ ಗಂಡನ ಗಲಾಟೆಯೆಲ್ಲ ಆದ ಮೇಲೆ ಯಾರ ಹತ್ರವೂ ಮಾತಿಲ್ಲ, ಎಲ್ಲಿದ್ದಾರೆ ಅಂತ್ಲೂ ನಮಗೆ ಗೊತ್ತಿರ್ಲಿಲ್ಲ."

"ಅಲ್ಲ ನಿಶ್ಮಿತಾ," ಎಂದಳು ಉಷಾ, "ಮಧ್ಯಾಹ್ನದಿಂದ ಕ್ಯಾಂಪ್‌ಬೆಲ್ ಕ್ಯಾಂಪ್‌ಬೆಲ್ ಅಂತ ಬಡ್ಕೊಳ್ತಿದ್ವಲ್ಲ, ನಿಮಗೆ ಹೊಳೀಲಿಲ್ವಾ?"

"ಜಯಕ್ಕನ ಗಂಡನನ್ನು ನಾವು ಡೇವಿಡ್ ಬಾವ ಅಂತ ಕರೆಯೂದು ಉಷಕ್ಕ. ಬಾವನ ಸರ್‌ನೇಮ್ ಯಾರು ಕೇಳ್ತಾರೆ?" ನಿಶ್ಮಿತಾಳ ಕಣ್ಣು ಫಕ್ಕನೆ ಮಿನುಗಿತು. "ಮಹಾಬಲಣ್ಣ, ನೀವು ಎಂತದೂ ಹೆದರ್ಬೇಡಿ. ನಂಬರ್ ಕೊಡಿ. ನಾನೇ ಜಯಕ್ಕನಿಗೆ ಫೋನ್ ಮಾಡಿ, ನೀವು ಒಳ್ಳೆ ಜನ ಅಂತ ಒಂದು ಮಾತು ಹೇಳ್ತೇನೆ."

ದಿನವಿಡೀ ಬಾಡಿದ್ದ ಮಹಾಬಲೇಶ್ವರನ ಮುಖ ಅರಳಿತು. ಅವನು ಫೋನು ಕೈಗೆತ್ತಿಕೊಂಡ.

"ಬೇಡ ಮಾರಾಯ, ಕೊಡ್ಬೇಡ!" ಎಂದು ಹೃಷಿಕೇಶ ಬೇಲಿಯ ಬಳಿಯಿಂದ ಕಿರುಚಿದ. "ಡೇವಿಡ್ ಬಾವ ಒಳ್ಳೆ ಜನ ಅಂತ ಜಯಕ್ಕನನ್ನು ಮದುವೆಗೆ ಒಪ್ಪಿಸಿದ್ದೇ ಇವಳು."

ಮಹಾಬಲೇಶ್ವರ ಫೋನು ಕೆಳಗಿಟ್ಟು ಕಿಟಕಿ ಹಾಕಿಕೊಂಡ.