ಗಂಟೆ ಸಾಲದ ಪೈಲಟ್

ಕೆಲವರ ಬೆನ್ನಿಗೆ ನಾಯಿ ಬೀಳುತ್ತೆ, ಕೆಲವರ ಬೆನ್ನಿಗೆ ಪೋಲೀಸು. ನನ್ನ ಬೆನ್ನಿಗೆ ಬಿದ್ದಿರೋದು ಅವಮಾನ, ಅದೂ ಪಕ್ಕದವರು ಹೊಟ್ಟೆ ಹಿಡ್ಕೊಂಡು ನಗೋ ಥರದ್ದು. ವಿಮಾನ ಓಡಿಸೋ ಲೈಸೆನ್ಸ್ ತಗೊಂಡು ನಾಲ್ಕು ವರ್ಷ ಸಾಗರದ ಮನೇಲಿ ಸೊಳ್ಳೆ ಹೊಡೀತಾ ಕೂತವನಿಗೆ ಇಂಥವು ಒಂದರ ಹಿಂದೊಂದು ಆಗ್ತಾನೇ ಇರ್ತವೆ. ನನಗೆ ಆಗ ನಗು ಬರಲಿಲ್ಲ, ಈಗಲೂ ಪೂರ್ತಿ ಬರಲ್ಲ. ನೀವು ನಗಿ, ಅಡ್ಡಿಯಿಲ್ಲ.

೧. ಮುಂದಿನ ಜೀಪು

ಹೊಸನಗರದಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಒಬ್ಬ ಹಿರಿಯರು ಕೂತಿದ್ದರು. ಪಾಯಸ ಬರೋವರೆಗೂ ಸುಮ್ಮನಿದ್ದವರು ಆಮೇಲೆ ನನ್ನ ಕಡೆ ತಿರುಗಿದರು.

"ಎಂತ ಮಾಡ್ತೆ ತಮಾ ನೀನು?"

"ಪೈಲಟ್."

"ಹೌದಾ! ಯಾವ ಮಂತ್ರಿದು?"

ನನಗೆ ತಲೆಬುಡ ಗೊತ್ತಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮಂತ್ರಿಗಳು ಊರಿಗೆ ಬಂದಾಗ ಅವರ ಕಾರಿನ ಮುಂದೆ ಕುಂಯ್ ಕುಂಯ್ ಅಂತ ಕೂಗ್ತಾ ಒಂದು ಪೋಲೀಸ್ ಜೀಪು ಹೋಗುತ್ತಲ್ಲ, ಅದಕ್ಕೆ ನಮ್ಮ ಕಡೆ ಪೈಲಟ್ ಅಂತಾರೆ. ನಾನು ಅದರ ಡ್ರೈವರು ಅಂದುಕೊಂಡಿದ್ದರು.

"ಅಲ್ಲ, ನಾನು ವಿಮಾನದ ಪೈಲಟ್."

ಬಾಯಿಗೆ ಹೊರಟಿದ್ದ ಹೋಳಿಗೆ ಅರ್ಧಕ್ಕೆ ನಿಂತಿತು. "ಅಬ್ಬಾ! ಈಗ ಎಲ್ಲಿಂದ ಎಲ್ಲಿಗೆ ಬಿಡ್ತೆ?"

"ಇನ್ನೂ ಕೆಲಸ ಸಿಕ್ಕಿಲ್ಲ."

ಅವರು ಹೋಳಿಗೆಯನ್ನ ಎಲೆಗೆ ವಾಪಸು ಇಟ್ಟರು. ಆಮೇಲೆ ಬಡಿಸುವವನನ್ನು ಕರೆದು, "ಇವಂಗೆ ಇನ್ನೊಂದು ಹೋಳಿಗೆ ಹಾಕಾ, ಪಾಪ" ಅಂದರು. ತುಪ್ಪ ಹಾಕಿಸಿದ ಮೇಲೆ ಮೆಲ್ಲಗೆ ಕಿವಿಯ ಹತ್ತಿರ ಬಂದು, "ಆ ಜೀಪೇ ಆಗಿದ್ರೆ ಪೆನ್ಷನ್ ಆದ್ರೂ ಇತ್ತಲಾ" ಅಂದರು.

೨. ಇನ್ನೂರ ತೊಂಬತ್ಮೂರು

ನಮ್ಮನೇಲಿ ನನ್ನ ಪರವಾಗಿ ಇದ್ದವರು ಒಬ್ಬರೇ, ದೊಡ್ಡಮ್ಮ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿಯಾದವರು. ಅಪ್ಪ, ಚಿಕ್ಕಪ್ಪ ಎಲ್ಲ "ವಿಮಾನ ಗಿಮಾನ ಎಂತದೂ ಬ್ಯಾಡ, ಬಿ.ಎಡ್ ಮಾಡು" ಅಂತ ಹಟ ಹಿಡಿದಾಗ ಅವರೆದುರು ನಿಂತು ನನ್ನನ್ನ ವಿಮಾನ ಕಲಿಯೋಕೆ ಕಳಿಸಿದ್ದು ಇವರೇ. ಬದಲಿಗೆ ಕೇಳಿದ್ದು ಒಂದೇ: "ನೀ ವಿಮಾನ ಬಿಡದನ್ನ ಒಂದು ಸಲ ಕಣ್ಣಲ್ಲಿ ನೋಡವು." ಕಣ್ಣಾರೆ ನೋಡಬೇಕು ಅನ್ನೋ ಆ ಒಂದು ಮಾತು ನಾಲ್ಕು ವರ್ಷ ನನ್ನ ಎದೆ ಮೇಲೆ ಕೂತಿತ್ತು.

ಒಂದು ದಿನ ಬೆಂಗಳೂರಿನ ಖಾಸಗಿ ಜೆಟ್ ಕಂಪನಿಯೊಂದರಿಂದ ಫೋನು ಬಂತು. ಶ್ರೀಮಂತರಿಗೆ ಬಾಡಿಗೆ ಕಾರಿನ ಹಾಗೆ ವಿಮಾನ ಕೊಡೋ ಕಂಪನಿ. ಖುಷಿಗೆ ಸ್ಪೀಕರ್ ಹಾಕಿದೆ, ಅದೇ ತಪ್ಪಾಯಿತು.

"ನಿಮಗೆ ಎಷ್ಟು ಗಂಟೆ ಆಗಿದೆ ಸರ್?" ಅಂದಳು ಆ ಕಡೆಯಿಂದ ಒಬ್ಬಾಕೆ. ನಮ್ಮ ಕಸುಬಿನಲ್ಲಿ ಯೋಗ್ಯತೆ ಅಳೆಯೋದೇ ಹಾರಿಸಿದ ಗಂಟೆಯಿಂದ. ಒಂದೊಂದನ್ನೂ ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು.

"ಇನ್ನೂರ ಆರು."

"ಗಂಟೆ ಸಾಲಲ್ಲ ಸರ್. ಐನೂರು ಬೇಕು."

"ಐನೂರು ಆಗೋಕೆ ಯಾರಾದ್ರೂ ಕೆಲಸ ಕೊಡಬೇಕಲ್ಲ ಮೇಡಂ?"

"ಕೆಲಸ ಕೊಡೋಕೆ ಐನೂರು ಆಗಿರಬೇಕಲ್ಲ ಸರ್?" ಅಂತ ಬಹಳ ನಯವಾಗಿ ಹೇಳಿ ಫೋನಿಟ್ಟಳು. ಹಾಳಾದವಳು, ಗುಡ್ ಡೇ ಅಂತ ಬೇರೆ ಅಂದಳು.

ಪಕ್ಕದಲ್ಲಿ ಬೀನ್ಸ್ ಹೆಚ್ಚುತ್ತಿದ್ದ ದೊಡ್ಡಮ್ಮ ಕತ್ತಿ ಕೆಳಗಿಟ್ಟರು. ನಮ್ಮ ಕಡೆಯವರು ಹರಕೆ ಹೇಳಿಕೊಂಡು, ಅದು ಈಡೇರಿದರೆ ಗಂಟೆ ಕಟ್ಟಿಸೋ ಒಂದು ಗಣಪತಿ ಗುಡಿ ಇದೆ. ಅದು ನೆನಪಾಯಿತು ಅಂತ ಕಾಣುತ್ತೆ.

"ನಿಂಗೆ ಇನ್ನೂರ ತೊಂಬತ್ನಾಕು ಗಂಟೆ ಕಡಿಮೆ ಅಲ್ದನಾ? ಕೆಲಸ ಸಿಕ್ಕಿದ್ರೆ ಗಣಪತಿಗೆ ಒಂದು ಗಂಟೆ ಆನು ಕೊಡ್ತಿ. ಉಳಿದ ಇನ್ನೂರ ತೊಂಬತ್ಮೂರು ಅವ ನೋಡ್ಕಳ್ಳಿ."

೩. ದೊಡ್ಡದರ ಲೈಸೆನ್ಸು

ತೀರ್ಥಹಳ್ಳಿಯ ಗೆಳೆಯ ಫೋನ್ ಮಾಡಿದ. ಅವನೂರಿನ ಹತ್ತಿರ ಅರಳಸುರಳಿಯಲ್ಲಿ ಡ್ರೋನ್‌ನಿಂದ ತೋಟಕ್ಕೆ ಔಷಧಿ ಹೊಡೆಸ್ತಾರಂತೆ, ಪೈಲಟ್ ಬೇಕಂತೆ. "ನಿನ್ನಷ್ಟು ಓದಿದೋರು ಯಾರಿದಾರೆ, ಬಾರೋ" ಅಂದ. ಮರ್ಯಾದೆ ಬಿಟ್ಟು ಬಸ್ ಹತ್ತಿದೆ. ಮೇಲೆ ಏನು ಹಾರಿದರೂ ಸರಿ, ಕೆಳಗೆ ನಿಂತಾದರೂ ಹಾರಿಸೋಣ ಅನ್ನೋ ಸ್ಥಿತಿಗೆ ಬಂದಿದ್ದೆ.

ಅಲ್ಲಿದ್ದ ಮೇಸ್ತ್ರಿ ನನ್ನ ಲೈಸೆನ್ಸನ್ನ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದು ವಿಮಾನದ್ದಲ್ವಾ?"

"ಹೌದು."

"ಡ್ರೋನಿಂದು?"

"ಅದಿಲ್ಲ. ಆದ್ರೆ ಇದು ಅದಕ್ಕಿಂತ ದೊಡ್ಡದು."

"ದೊಡ್ಡದೇ ಮಾರಾಯ್ರೆ, ಯಾರು ಇಲ್ಲ ಅಂದ್ರು? ನಮ್ ತೋಟಕ್ಕೆ ದೊಡ್ಡದು ಇಳಿಯಲ್ವಲ್ಲ" ಅಂತ ವಾಪಸು ಕೊಟ್ಟ.

ಕೆಲಸ ಪಕ್ಕದೂರಿನ ಒಂದು ಹುಡುಗಿಗೆ ಸಿಕ್ಕಿತು. ಕೆಲವೇ ದಿನದ ಕೋರ್ಸ್ ಮಾಡಿದ್ದಳು, ಟೋಪಿ ಮೇಲೆ ದೊಡ್ಡದಾಗಿ ಪೈಲಟ್ ಅಂತಲೇ ಬರೆದಿತ್ತು. ಚುರುಕಾದ ಹುಡುಗಿ, ಸುಳ್ಳು ಹೇಳಬಾರದು. ಡ್ರೋನ್ ಶುರು ಮಾಡೋಕೆ ಮುಂಚೆ ನನ್ನ ಸಪ್ಪೆ ಮುಖ ನೋಡಿ ಅವಳಿಗೆ ಕನಿಕರ ಬಂತು. "ಅಣ್ಣಾ, ಸ್ವಲ್ಪ ಹಿಂದೆ ಹೋಗಿ. ಹೆದರ್ಕಬೇಡಿ, ಮೇಲೆ ಏಳುವಾಗ ಒಂಚೂರು ಸೌಂಡ್ ಮಾಡ್ತದೆ ಅಷ್ಟೇ."

೪. ಕಾಫಿ ಕೆಟ್ಟರೆ

ಕೊನೆಗೂ ಇನ್ನೊಂದು ಜೆಟ್ ಕಂಪನಿ ಸಂದರ್ಶನಕ್ಕೆ ಕರೆಯಿತು. ಎಂಜಿನ್ನು, ಮೋಡ, ಗಾಳಿ ಎಲ್ಲವನ್ನೂ ಇನ್ನೊಮ್ಮೆ ಬಾಯಿಪಾಠ ಮಾಡಿ ಹೋದೆ. ಮೇಜಿನ ಆಚೆ ಸೂಟು ತೊಟ್ಟ ಒಬ್ಬ ಮ್ಯಾನೇಜರು.

"ಎಷ್ಟು ಕೆಜಿ ಎತ್ತುತ್ತೀರಿ?"

"ಟೇಕಾಫ್ ತೂಕಾನಾ ಸರ್?"

"ಅಲ್ಲರೀ, ಸೂಟ್‌ಕೇಸು."

"ಇಪ್ಪತ್ತೈದು ಎತ್ತಬಹುದು ಸರ್."

"ನಾಯಿ ಕಂಡ್ರೆ ಭಯ ಇದೆಯಾ?"

"ಇಲ್ಲ ಸರ್."

"ಕಾಫಿ ಮಾಡೋಕೆ ಬರುತ್ತಾ?"

ನನಗೆ ತಡೆಯಲಾಗಲಿಲ್ಲ. "ಎಂಜಿನ್ ಕೆಟ್ಟರೆ ಏನು ಮಾಡ್ತೀರಿ ಅಂತ ಕೇಳಲ್ವಾ ಸರ್?"

"ಅದನ್ನ ಮುಂದೆ ಕೂತಿರೋ ಇಬ್ಬರು ಪೈಲಟ್‌ಗಳು ನೋಡ್ಕೊಳ್ತಾರೆ. ಕಾಫಿ ಕೆಟ್ಟರೆ ನೀವೇನು ಮಾಡ್ತೀರಿ, ಅದು ಹೇಳಿ."

ಕೆಲಸ ಸಿಕ್ಕಿತು. ಹುದ್ದೆ ಟ್ರೈನಿ ಪೈಲಟ್, ಹೆಗಲ ಮೇಲೆ ಒಂದು ಚಿನ್ನದ ಪಟ್ಟಿ. ಆ ಜೆಟ್ ಓಡಿಸೋ ತರಬೇತಿ "ಸದ್ಯದಲ್ಲೇ". ಅಲ್ಲಿವರೆಗೆ ಹಿಂದೆ ಕೂತು ಸಾಹೇಬರುಗಳನ್ನ ನೋಡಿಕೊಳ್ಳಬೇಕು. ದೊಡ್ಡಮ್ಮನಿಗೆ ಮೊದಲ ಅರ್ಧ ಮಾತ್ರ ಹೇಳಿದೆ. ಅವರು ಅವತ್ತೇ ಗಂಟೆಗೆ ಆರ್ಡರ್ ಕೊಟ್ಟರು.

೫. ಎಷ್ಟು ಗಂಟೆ

ಎಂಟು ತಿಂಗಳಾಯಿತು. ಆ ವಿಮಾನದಲ್ಲಿ ಮುಂದಿನ ಎರಡು ಸೀಟು ಬಿಟ್ಟು ಎಲ್ಲಾ ಕಡೆ ಕೂತಿದ್ದೇನೆ. ಟಾಯ್ಲೆಟ್ ಬಾಗಿಲ ಪಕ್ಕದ ಮಡಚೋ ಸೀಟು ನನ್ನದು. ಹಿಂದೆ ಕೂತವನಿಗೆ ಗಂಟೆ ಲೆಕ್ಕವಿಲ್ಲ. ಲಾಗ್‌ಬುಕ್ಕಿನಲ್ಲಿ ಇನ್ನೂರ ಆರು ಇದ್ದಲ್ಲೇ ಇತ್ತು. ದೊಡ್ಡಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ "ಆಗ್ತಾ ಇದೆ" ಅಂತಿದ್ದೆ. ನನ್ನ ಬಾಯಿಗೆ ಬೂದಿ ಬೀಳ!

ಒಂದು ದಿನ ಒಬ್ಬ ದೊಡ್ಡ ನಾಯಕರನ್ನ ಕರ್ಕೊಂಡು ಶಿವಮೊಗ್ಗಕ್ಕೆ ಬರೋದು ಅಂತಾಯಿತು. ಅಮ್ಮನ ಹತ್ತಿರ ಬಾಯಿ ಬಿಟ್ಟೆ, ಅದು ದೊಡ್ಡಮ್ಮನ ಕಿವಿಗೆ ಬಿತ್ತು. ದೊಡ್ಡಮ್ಮ ಸಾಗರದಿಂದ ಕಾರು ಮಾಡಿಸಿಕೊಂಡು, ರೇಷ್ಮೆ ಸೀರೆ ಉಟ್ಟು, ನಾನು ಬರಲಿ ಅಂತ ಇಟ್ಟುಕೊಂಡಿದ್ದ ಗಂಟೆಯನ್ನ ಟವೆಲ್ಲಿನಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡು ಬಂದರು. ನನ್ನ ಕೈಯಲ್ಲಿ ಮುಟ್ಟಿಸಿಕೊಂಡು ನೇರ ಗಣಪತಿಯ ಹತ್ತಿರ ಹೋಗೋ ಅಂದಾಜು.

ನಾನು ನಿಲ್ದಾಣದ ಬಾಗಿಲಿಂದ ಹೊರಗೆ ಬಂದೆ. ಒಂದು ಕೈಯಲ್ಲಿ ನಾಯಕರ ಸೂಟ್‌ಕೇಸು, ಇನ್ನೊಂದರಲ್ಲಿ ಅವರ ನಾಯಿಯ ಬುಟ್ಟಿ. ಹಾರ ಹಿಡಿದ ಜನ ನುಗ್ಗುತ್ತಿದ್ದರು. ಅವರಲ್ಲೊಬ್ಬ ಗಟ್ಟಿಯಾಗಿ ಕೂಗಿದ, "ಏಯ್, ಪೈಲಟ್ ಎಲ್ಲಿ? ಪೈಲಟ್ ಮುಂದೆ ಬರ್ಲಿ!"

ದೊಡ್ಡಮ್ಮನ ಮುಖ ಅರಳಿತು. ಪಕ್ಕದವರಿಗೆ, "ನಮ್ಮನೆ ಮಾಣೀನೇ, ಅಲ್ನೋಡಿ" ಅಂತ ಬೆರಳು ಮಾಡಿದರು. ಆ ಮುಖ ನೋಡಿ ನನಗೂ ಏನೋ ಆಯಿತು. ಸೂಟ್‌ಕೇಸು ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಹೋದೆ.

"ನೀನಲ್ಲ ಮಾರಾಯಾ, ಜೀಪು!" ಅಂದ ಅವನು. "ನೀನು ನಾಯಿ ಹಿಡ್ಕ."

ಜೀಪು ಕುಂಯ್ ಅನ್ನುತ್ತಾ ನನ್ನ ಮುಂದೆಯೇ ಹೋಯಿತು. ನಾಯಕರೂ ಹೋದರು, ನಾಯಿಯೂ ಹೋಯಿತು. ಉಳಿದವರು ನಾವಿಬ್ಬರು.

ದೊಡ್ಡಮ್ಮ ನನ್ನ ಹೆಗಲಿನ ಪಟ್ಟಿ ನೋಡಿದರು, ಪ್ಯಾಂಟಿಗೆ ಅಂಟಿದ ನಾಯಿ ಕೂದಲು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಎಷ್ಟು ಗಂಟೆ ಆತಾ ತಮಾ?"

ನಾನು ವಾಚು ನೋಡಿಕೊಂಡೆ. "ಹನ್ನೊಂದೂವರೆ."

ಅವರಿಗೆ ಲೆಕ್ಕ ಬರುತ್ತೆ. ಟವೆಲ್ ಬಿಚ್ಚಿ, ನನ್ನ ಹೆಸರು ಕೆತ್ತಿಸಿದ್ದ ಹಿತ್ತಾಳೆ ಗಂಟೆಯನ್ನ ನನ್ನ ಎರಡೂ ಕೈಗೆ ಕೊಟ್ಟರು. ಎರಡೂವರೆ ಕೆಜಿ ಇತ್ತು.

"ತಗ, ಇದೊಂದು ಬರ್ಕ," ಅಂದರು. "ಇನ್ನೂರ ಏಳು."