ಎಂಬತ್ತಕ್ಕೆ ಪಿನ್ ಕೀಳುವ ಮಾವ

ನನ್ನ ಸೋದರಮಾವನ ಫೋನು ಇವತ್ತಿನವರೆಗೆ ಒಮ್ಮೆಯೂ ಹೊಟ್ಟೆ ತುಂಬ ಉಂಡಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು! ಚಾರ್ಜ್ ಶೇಕಡಾ ಎಂಬತ್ತು ಆಯಿತೋ, ಪಿನ್ ಕಿತ್ತ. ಇಪ್ಪತ್ತಕ್ಕೆ ಇಳಿಯುವ ಮೊದಲೇ ಮತ್ತೆ ಚುಚ್ಚಿದ. ಲಿಂಗಸುಗೂರಿನ ಅವನ ಮನೆಯಲ್ಲಿ ಮನುಷ್ಯರ ಊಟಕ್ಕೆ ಹೊತ್ತುಗೊತ್ತಿಲ್ಲ, ಫೋನಿಗೆ ಮಾತ್ರ ಅಳತೆಯ ಊಟ.

ಮಾವ ನಿವೃತ್ತನಾಗುವವರೆಗೆ ಹಟ್ಟಿಯ ಚಿನ್ನದ ಗಣಿಯಲ್ಲಿದ್ದ. ಒಳಗೆ ಇಳಿಯುವವರ ಟೋಪಿಯ ದೀಪಗಳನ್ನು ಚಾರ್ಜಿಗೆ ಹಾಕಿ, ಮುಂದಿನ ಪಾಳಿಗೆ ಸಿದ್ಧ ಮಾಡಿಡುವುದು ಅವನ ಕೆಲಸ. "ಆ ದೀಪಾನೂ ಅರೆಹೊಟ್ಟಿಲೇ ಕಳಸ್ತಿದ್ದೇನು ಮಾವಾ?" ಎಂದು ಒಮ್ಮೆ ಕೆಣಕಿದೆ.

"ಅವು ಬ್ಯಾರೆ ಜಾತಿ ಬೇ. ಅವಕ್ಕ ಪೂರಾ ತುಂಬಬೇಕು. ಇದಕ್ಕ ತುಂಬಿದ್ರೂ ತ್ರಾಸು, ಖಾಲಿ ಮಾಡಿದ್ರೂ ತ್ರಾಸು. ಲಗೂನ ಮುಪ್ಪು ಬರ್ತೈತಿ."

ಮುಪ್ಪಂತೆ! ಫೋನಿಗೆ!

ಒಂದು ಸಲ ಮದುವೆ ಮುಗಿಸಿ ಮಸ್ಕಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಮಾವನ ಫೋನು ಚಹಾದಂಗಡಿಯ ಪ್ಲಗ್ಗಿಗೆ ಜೋತುಬಿದ್ದಿತ್ತು. ಬಸ್ ಬಂತು, ನಾನು ಹತ್ತಿ ಸೀಟು ಹಿಡಿದೆ. ಮಾವ ಜಾಗ ಬಿಟ್ಟು ಅಲ್ಲಾಡಲಿಲ್ಲ. "ಒಂದೀಟು ತಾಳ್ರಿ, ಎಪ್ಪತ್ತೆಂಟಾಗೈತಿ!" ಎಂದು ಅಲ್ಲಿಂದಲೇ ಕೂಗಿದ.

"ನಿಮ್ಮ ಫೋನಿನ ಹೆರಿಗಿ ಆಗೂತನಕ ಬಸ್ಸು ನಿಲ್ಲಂಗಿಲ್ಲರೀ ಯಜಮಾನ್ರ!" ಎಂದು ಕಂಡಕ್ಟರ್ ಸೀಟಿ ಊದಿಯೇಬಿಟ್ಟ. ನಾನು ಬಡಬಡ ಇಳಿದೆ. ಮುಂದಿನ ಬಸ್ಸು ಬರಲು ಒಂದೂಕಾಲು ತಾಸು ಬೇಕಾಯಿತು.

ಸಿಂಧನೂರಿನ ನಮ್ಮ ಮನೆಗೆ ಬಂದರೆ ಇನ್ನೂ ಕಷ್ಟ. ಯಾರ ಫೋನು ಎಲ್ಲಿ ಚಾರ್ಜಿಗಿದ್ದರೂ ಸರಿ, ಎಂಬತ್ತಕ್ಕೆ ಕಿತ್ತಿಡುತ್ತಾನೆ. ಒಮ್ಮೆ ನನ್ನ ಗಂಡ ಜವಳಗೇರಾದ ಗದ್ದೆಯಲ್ಲಿ ನಿಂತು ಭತ್ತ ಕೊಯ್ಯುವ ಮಷೀನಿನವನಿಗೆ ದಾರಿ ಹೇಳುತ್ತಿದ್ದಾಗಲೇ ಫೋನು ಬಂದ್! ಮಷೀನು ಇನ್ನೊಬ್ಬರ ಗದ್ದೆಗೆ ಹೋಯಿತು. "ನಿಮ್ಮ ಮಾವ ನನ್ನ ಫೋನಿಗೂ ಏಕಾದಶಿ ಮಾಡಿಸ್ಯಾನ!" ಎಂದು ಸಂಜೆ ಬಂದವನು ಎಗರಾಡಿದ. ಆದರೆ ಏನು ಮಾಡುತ್ತೀರಿ? ದಿನಾ ರಾತ್ರಿ ಚುಚ್ಚಿ ಮಲಗುತ್ತಿದ್ದ ಗಂಡನ ಫೋನಿನ ಬ್ಯಾಟರಿ ಎರಡೇ ವರ್ಷಕ್ಕೆ ಪೂರಿಯ ಹಾಗೆ ಉಬ್ಬಿತು. ಮಾವನದು ಆರನೇ ವರ್ಷ, ಇನ್ನೂ ಗಟ್ಟಿಮುಟ್ಟು. ಮಾವ ಮೀಸೆಯಲ್ಲೇ ನಕ್ಕ.

ಇಷ್ಟೆಲ್ಲ ಜೋಪಾನ ಮಾಡಿದ ಫೋನನ್ನು ಎತ್ತುತ್ತಾನಾ? ಇಲ್ಲ! ಎರಡು ವರ್ಷದ ಹಿಂದೆ ಅವನ ಹೆಂಡತಿ, ನಮ್ಮ ಅತ್ತೆ, ತೀರಿಕೊಂಡ ಮೇಲೆ ಈ ರೋಗ ಶುರುವಾಯಿತು. ಪೂರ್ತಿ ರಿಂಗಾಗಿ ನಿಂತ ಮೇಲೆ ತಾನೇ ತಿರುಗಿ ಮಾಡುತ್ತಾನೆ. ನಮ್ಮ ಮನೆಗೆ ಬಂದಾಗಲಂತೂ ಸೈಲೆಂಟ್. ಕೇಳಿದರೆ, "ರಿಂಗಾದ್ರ ಚಾರ್ಜ್ ಇಳೀತೈತಿ." ಎಂಥ ಜಿಪುಣ!

ಕಳೆದ ಶ್ರಾವಣದಲ್ಲಿ ಒಂದು ದಿನ ಬೆಳಿಗ್ಗೆಯಿಂದ ಹತ್ತು ಸಲ ಮಾಡಿದೆ. ಎತ್ತಲಿಲ್ಲ, ತಿರುಗಿಯೂ ಮಾಡಲಿಲ್ಲ. ಒಂಟಿ ಜೀವ, ಏನಾಯಿತೋ ಎಂದು ಬಸ್ ಹತ್ತಿ ಲಿಂಗಸುಗೂರಿಗೆ ಓಡಿದೆ. ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ನಿಂತು ಹನ್ನೊಂದನೇ ಸಲ ಒತ್ತಿದೆ. ಒಳಗಿನಿಂದ ಅತ್ತೆಯ ದನಿ ಬಂತು.

"ಏನ್ರೀ... ಫೋನ್ ಬಂದೈತಿ. ಎಷ್ಟೊತ್ತು ಕುಂಡ್ರತೀರಿ? ಎತ್ರಿ!"

ಹೊಸ್ತಿಲವರೆಗೆ ಹೋಗಿ ಇಣುಕಿದೆ. ಫೋನು ಗೋಡೆಯ ಗೂಡಿನಲ್ಲಿತ್ತು. ಮಾವ ಎದುರಿಗೆ ಚಾಪೆಯ ಮೇಲೆ, ಆರಿಹೋದ ಚಹಾ ಹಿಡಿದು, ಕಣ್ಣು ಮುಚ್ಚಿ ಕೂತಿದ್ದ. ಅತ್ತೆ ಮತ್ತೆ ಕರೆದಳು, ಮತ್ತೆ. ಕೊನೆಗೊಮ್ಮೆ ನಿಂತಿತು.

"ಫೋನ್ ಹೊಸಾದು ತಂದಾಗ ಅಕೀನ ರಿಂಗಿಗೆ ತನ್ನ ದನಿ ತುಂಬಿದ್ಲು" ಎಂದ, ನನ್ನನ್ನು ಕಂಡು, ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ. "ಇವತ್ತ ಅಕಿ ಹೋದ ದಿನ. ನೀ ಮಾಡಾಕತ್ತೀ ಅಂತ ಗೊತ್ತಿತ್ತು. ತಿರುಗಿ ಮಾಡಿದ್ರ ನೀ ಬಿಟ್ಟುಬಿಡ್ತೀ ಅಂತ ಸುಮ್ಮನಿದ್ದೆ."

"ಇನ್ನೊಂದು ಫೋನಿಗೆ ಹಾಕಿಕೊಡ್ತೀನಿ ಮಾವಾ, ಎರಡು ನಿಮಿಷದ ಕೆಲಸ."

"ಹಾಕು, ಬ್ಯಾಡ ಅನ್ನಂಗಿಲ್ಲ. ಆದ್ರ ಅಕಿ ಬಾಯಿ ಹಚ್ಚಿ ಮಾತಾಡಿದ್ದು ಇದಕ್ಕ. ಇದು ಸಾಯಬಾರ್ದು. ಇದರ ಬ್ಯಾಟರಿ ಈಗ ಎಲ್ಲೂ ಸಿಗಂಗಿಲ್ಲಂತ, ಅಂಗಡ್ಯಾಗ ಕೇಳೀನಿ."

ಜಿಪುಣ ಅಂದಿದ್ದೆನಲ್ಲ ಇವನನ್ನು! ನನ್ನ ಬಾಯಿಗೆ ಮಣ್ಣು ಬೀಳಲಿ.

ಅಂದಿನಿಂದ ದಿನಾ ನಾಲ್ಕು ಗಂಟೆಗೆ, ಅವನ ಚಹಾದ ಹೊತ್ತಿಗೆ, ಸಿಂಧನೂರಿನಿಂದ ಫೋನು ಮಾಡುತ್ತೇನೆ. ಅವನು ಎತ್ತುವುದಿಲ್ಲ. ಎತ್ತಲಿ ಅಂತ ನಾನೂ ಮಾಡುವುದಿಲ್ಲ. ಅಲ್ಲಿ ಅತ್ತೆ ಕರೆಯುತ್ತಿರುತ್ತಾಳೆ, ಇಲ್ಲಿ ನಾನು ಸುಮ್ಮನೆ ಕಿವಿಗೆ ಹಿಡಿದು ನಿಂತಿರುತ್ತೇನೆ.

ಮೊನ್ನೆ ಎರಡನೇ ರಿಂಗಿಗೇ ಎತ್ತಿಬಿಟ್ಟ! "ಯಾಕ ಎತ್ತಿದಿ ಮಾವಾ?" ಎಂದು ಬೈದೇಬಿಟ್ಟೆ.

"ಎಷ್ಟು ದಿನದಿಂದ ಎತ್ರಿ, ಎತ್ರಿ ಅನ್ನಾಕತ್ಯಾಳ ಬೇ. ಒಮ್ಮೆರ ಅಕಿ ಮಾತು ಕೇಳಬೇಕಲ್ಲ" ಎಂದ.

"ಚಾರ್ಜ್ ಎಷ್ಟೈತಿ?" ಎಂದೆ.

"ಐವತ್ತಾರು. ಇಟ್ಟುಬಿಡು, ಮತ್ತ ಮಾಡು. ಈ ಸಲ ಎತ್ತಂಗಿಲ್ಲ."